ಕಾಯುವ ಪಟ್ಟಿಯಲ್ಲಿ ನನ್ನ ಹೆಸರು

ಗಿರಾಕಿ ಬಂದು ಕೂತ ಕೂಡಲೇ ಮೊದಲು ನೀರಿನ ಲೋಟ ಇಡಬೇಕು. ಏನು ಬೇಕು ಅಂತ ಕೇಳುವುದು ಆಮೇಲೆ. 1994ರಲ್ಲಿ ಕುಂದಾಪುರದ ಕಡೆಯಿಂದ ಬಸ್ಸಿನಲ್ಲಿ ಮುಂಬಯಿಗೆ ಬಂದು ಮಾಟುಂಗಾದ ಒಂದು ಉಡುಪಿ ಹೋಟೆಲಿಗೆ ಸೇರಿದಾಗ ನನಗೆ ಕಲಿಸಿದ ಮೊದಲ ಕೆಲಸ ಅದು. ಆಗ ನನಗೆ ಹದಿನಾರು. ಹಗಲು ಲೋಟ, ಪ್ಲೇಟು. ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆ. ಹಾಗೇ ಹತ್ತನೇ ಕ್ಲಾಸು ಮುಗಿಸಿದೆ, ಸಪ್ಲೈಯರ್ ಆದೆ, ಗಲ್ಲಾಪೆಟ್ಟಿಗೆಗೆ ಬಂದೆ, ಈಗ ಮ್ಯಾನೇಜರ್. ಎಷ್ಟು ಸಾವಿರ ಲೋಟ ನೀರು ಇಟ್ಟಿದ್ದೇನೋ ಗೊತ್ತಿಲ್ಲ. ನಾಲ್ಕು ವರ್ಷದಿಂದ ನನ್ನ ನೀರು ಮಾತ್ರ ಲೆಕ್ಕದ್ದು. ದಿನಕ್ಕೆ 800 ಎಂಎಲ್. ಟೀ, ಮಜ್ಜಿಗೆ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲ ಸೇರಿ.

ನನಗೆ ಕಿಡ್ನಿ ಬೇಕು. ಅದಕ್ಕಾಗಿ ಕಾಯುತ್ತಿದ್ದೇನೆ. ನಮ್ಮವರಲ್ಲಿ ಬಹಳ ಜನ ಈ ವಿಷಯ ಮನೆಯೊಳಗೇ ಇಟ್ಟುಕೊಳ್ಳುತ್ತಾರೆ. ನಾನೂ ಹಾಗೇ ಮಾಡಿದ್ದೆ. ಅದರಿಂದ ಏನು ಕಳೆದುಕೊಂಡೆ ಅನ್ನುವುದನ್ನೂ ಹೇಳಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಾಗಿದ್ದು 2018ರಲ್ಲಿ. ದಿನಕ್ಕೆ ಹನ್ನೆರಡು ಗಂಟೆ ನಿಂತೇ ಕೆಲಸ. ಕಾಲು ನೋವು. ರಾತ್ರಿ ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿ ಮಲಗುತ್ತಿದ್ದೆ. ಒಂದೆರಡು ದಿನ ಅಲ್ಲ, ವರ್ಷಗಟ್ಟಲೆ. ಬಿಪಿ ಇತ್ತು, ಅದಕ್ಕೆ ಕೊಟ್ಟ ಮಾತ್ರೆಯನ್ನು ಮಾತ್ರ ತಪ್ಪಿಸುತ್ತಿದ್ದೆ. ಒಂದು ದಿನ ಬೆಳಿಗ್ಗೆ ಮುಖ ಊದಿಕೊಂಡಿತ್ತು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಗೆ ಹಾಕಬೇಕಾದ ಕಸ, 3.4 ಬಂತು. ನನ್ನಂಥ ಗಂಡಸಿಗೆ ಅದು ಹೆಚ್ಚೆಂದರೆ 1.2, 1.3 ಇರಬೇಕಂತೆ. ಸೋನೋಗ್ರಫಿಯಲ್ಲಿ ಎರಡೂ ಕಿಡ್ನಿ ಸಣ್ಣದಾಗಿದ್ದವು. ಕಿಡ್ನಿ ಡಾಕ್ಟರು ಲೆಕ್ಕ ಹಾಕಿ, ಕೆಲಸ ಮಾಡುತ್ತಿರುವುದು ನೂರರಲ್ಲಿ 22 ಪಾಲು ಅಂದರು. 15ಕ್ಕಿಂತ ಕೆಳಗೆ ಇಳಿದರೆ ಕೊನೆಯ ಹಂತ. ಬಿಪಿಯೋ, ಮಾತ್ರೆಯೋ, ಎರಡೂ ಸೇರಿಯೋ, ಇಷ್ಟು ಸಣ್ಣದಾದ ಮೇಲೆ ಹುಡುಕಿ ಉಪಯೋಗ ಇಲ್ಲ ಅಂದರು.

ಅವತ್ತೇ ಅವರು ಇನ್ನೊಂದು ಮಾತು ಹೇಳಿದರು. "ಡಯಾಲಿಸಿಸ್ ಶುರುವಾಗುವವರೆಗೂ ಕಾಯಬೇಡಿ. ಮನೆಯವರಲ್ಲಿ ಯಾರು ಕೊಡಬಹುದು ಅಂತ ಈಗಲೇ ಕೇಳಿ. ಡಯಾಲಿಸಿಸ್‌ಗೆ ಮುಂಚೆಯೇ ಕಿಡ್ನಿ ಹಾಕಿಸಿಕೊಳ್ಳಬಹುದು." ನಾನು ತಲೆಯಾಡಿಸಿ ಬಂದೆ. ಯಾರನ್ನೂ ಕೇಳಲಿಲ್ಲ. ಊರಿಗೆ ಹೇಳಲೇ ಇಲ್ಲ. ಹೆಂಡತಿಗೆ "ಸ್ವಲ್ಪ ಉಪ್ಪು ಕಮ್ಮಿ ಮಾಡಬೇಕಂತೆ" ಅಂದೆ, ಅಷ್ಟೇ. ಒಬ್ಬರ ಮೈಯಿಂದ ಒಂದು ಭಾಗ ಕೊಡಿ ಅಂತ ಯಾವ ಬಾಯಿಂದ ಕೇಳುವುದು? ಹಾಗೆ ಅಂದುಕೊಂಡು ಮೂರು ವರ್ಷ ಕಳೆದೆ. ನಡುವೆ ಕೊರೊನಾ ಬಂತು, ಅದೂ ಒಂದು ನೆಪವಾಯಿತು.

2021ರ ಮೊದಲಿಗೆ ಎಡಗೈಯಲ್ಲಿ ಫಿಸ್ಟುಲಾ ಮಾಡಿದರು. ಮಣಿಕಟ್ಟಿನ ಹತ್ತಿರ ಒಂದು ರಕ್ತನಾಳವನ್ನು ಇನ್ನೊಂದಕ್ಕೆ ಹೊಲಿಯುತ್ತಾರೆ. ರಕ್ತ ಜೋರಾಗಿ ಹರಿದು ನಾಳ ದಪ್ಪವಾಗುತ್ತದೆ, ಆಮೇಲೆ ಡಯಾಲಿಸಿಸ್ ಸೂಜಿ ಹಾಕಲು ಬರುತ್ತದೆ. ಬಲಿಯಲು ಎರಡು ತಿಂಗಳಾದರೂ ಬೇಕು. ರಬ್ಬರ್ ಚೆಂಡು ಹಿಸುಕುತ್ತಾ ಗಲ್ಲಾದಲ್ಲಿ ಕೂರುತ್ತಿದ್ದೆ. ಕೈ ಇಟ್ಟರೆ ಒಳಗೆ ಜುಂ ಅಂತ ಮಿಡಿಯುತ್ತದೆ. ಇವತ್ತಿಗೂ ಬೆಳಿಗ್ಗೆ ಎದ್ದ ಕೂಡಲೇ ನಾನು ಮೊದಲು ನೋಡುವುದು ಆ ಮಿಡಿತ. ಅದು ನಿಂತರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಆ ಕೈಯಲ್ಲಿ ಬಿಪಿ ನೋಡಿಸಬಾರದು, ರಕ್ತ ತೆಗೆಸಬಾರದು, ಭಾರದ ಚೀಲ ನೇತುಹಾಕಬಾರದು. ಲೋಕಲ್ ಟ್ರೈನಿನ ನೂಕುನುಗ್ಗಲಿನಲ್ಲಿ ಎಡಗೈಯನ್ನು ಎದೆಗೆ ಒತ್ತಿಕೊಂಡೇ ನಿಲ್ಲುತ್ತೇನೆ.

ಜುಲೈಯಲ್ಲಿ ಡಯಾಲಿಸಿಸ್ ಶುರುವಾಯಿತು. ಮಂಗಳ, ಗುರು, ಶನಿ. ಬೆಳಿಗ್ಗೆ ಏಳರಿಂದ ಹನ್ನೊಂದು. ಡೊಂಬಿವಲಿಯ ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಎರಡು ದಪ್ಪ ಸೂಜಿ, ಒಂದರಿಂದ ರಕ್ತ ಹೊರಗೆ, ಯಂತ್ರದಲ್ಲಿ ಶುದ್ಧವಾಗಿ ಇನ್ನೊಂದರಿಂದ ಒಳಗೆ. ಹೋದ ಕೂಡಲೇ ತೂಕ ನೋಡುತ್ತಾರೆ. ನನ್ನ ಒಣ ತೂಕ 61 ಕೆಜಿ, ಅಂದರೆ ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕ. 63.5 ಇದ್ದರೆ ಎರಡೂವರೆ ಲೀಟರ್ ನೀರು ತೆಗೆಯಬೇಕು. ನೀರು ಜಾಸ್ತಿ ಕುಡಿದು ಹೋದ ದಿನ ಬಿಪಿ ಇಳಿದು, ಮೀನಖಂಡ ಹಿಡಿದುಕೊಂಡು, ಕಣ್ಣು ಕತ್ತಲೆ ಬಂದು ಬಿಡುತ್ತದೆ. ಮಧ್ಯಾಹ್ನ ಮಲಗಿ ಸಂಜೆ ಹೋಟೆಲಿಗೆ ಹೋಗುತ್ತೇನೆ. ಧಣಿಗಳು ನನ್ನ ಕೆಲಸವನ್ನು ಸಂಜೆ ಪಾಳಿಗೆ ಬದಲಾಯಿಸಿ ಕೊಟ್ಟಿದ್ದಾರೆ. ಅವರ ಈ ಉಪಕಾರ ಮರೆಯುವಂಥದ್ದಲ್ಲ.

ಊಟದ ವಿಷಯ ನಮ್ಮ ಕರಾವಳಿಯವರಿಗೆ ತುಂಬಾ ಕಷ್ಟ. ಎಳನೀರು ಬೇಡ, ಬಾಳೆಹಣ್ಣು ಬೇಡ. ಅದರಲ್ಲಿ ಪೊಟ್ಯಾಸಿಯಂ ಇದೆ, ಏರಿದರೆ ಹೃದಯ ನಿಂತು ಹೋಗಬಹುದು. ತರಕಾರಿಯನ್ನು ಸಣ್ಣದಾಗಿ ಹೆಚ್ಚಿ, ಬಿಸಿನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ ಬೇಯಿಸಬೇಕು. ಒಂದು ಸಲ ಊರಿಂದ ಬಂದವರು ದಾರೆಹುಳಿ ತಂದಿದ್ದರು. ಅಂಗಳದ ಮರದ್ದು. ಚಿಕ್ಕಂದಿನಲ್ಲಿ ಉಪ್ಪು ಹಚ್ಚಿ ತಿಂದ ರುಚಿ ನೆನಪಾಗಿ ಕೈ ಹಾಕಿದ್ದೆ. ಹೆಂಡತಿ ಡಯಟಿಷಿಯನ್ ಕೊಟ್ಟ ಹಾಳೆ ತಂದು ತೋರಿಸಿದಳು. ಕಿಡ್ನಿ ಕೆಟ್ಟವರಿಗೆ ದಾರೆಹುಳಿ ವಿಷ. ಅದರಲ್ಲಿರುವ ಒಂದು ಅಂಶ ಮೈಯಿಂದ ಹೊರಗೆ ಹೋಗದೆ ಮಿದುಳಿಗೆ ಏರುತ್ತದೆ, ಎಡೆಬಿಡದ ಬಿಕ್ಕಳಿಕೆ, ಫಿಟ್ಸ್, ಜೀವವೂ ಹೋಗಬಹುದು. ಊರಿನ ಕಡೆಯ ಕಿಡ್ನಿ ರೋಗಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಇದೊಂದು ನೆನಪಿಡಿ.

ಇನ್ನು ಅಕ್ಕನ ವಿಷಯ.

ಡಯಾಲಿಸಿಸ್ ಶುರುವಾದ ಮೇಲೆ ಊರಿಗೆ ಹೇಳಲೇಬೇಕಾಯಿತು. ಅಮ್ಮನಿಗೆ ಎಪ್ಪತ್ತು ದಾಟಿದೆ, ಬಿಪಿ ಇದೆ, ಅವರದು ಆಗುವುದಿಲ್ಲ. ಹೆಂಡತಿ ಮೊದಲ ದಿನವೇ ಮುಂದೆ ಬಂದಿದ್ದಳು. ಅವಳದು ಬಿ ಪಾಸಿಟಿವ್, ನನ್ನದು ಓ ಪಾಸಿಟಿವ್. ಓ ಗುಂಪಿನವರದ್ದು ಎಲ್ಲರಿಗೂ ಆಗುತ್ತದೆ, ಓ ಗುಂಪಿನವರಿಗೆ ಮಾತ್ರ ಓ ಗುಂಪಿನದ್ದೇ ಬೇಕು. ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕೇಳಬೇಕು ಅಂತ ನಾಲ್ಕು ದಿನ ಮಾತು ಜೋಡಿಸಿಕೊಂಡಿದ್ದೆ. ಕೇಳುವ ಮುಂಚೆಯೇ ಅವಳು ಅಂದಳು. "ಅದ್ಕೆಂತ ಮಾರಾಯಾ? ನಂಗೊಂದ್ ಸಾಕ್. ಇನ್ನೊಂದ್ ನೀ ತಕೋ."

ಅವಳೂ ಓ ಪಾಸಿಟಿವ್.

ಕಾಗದಪತ್ರದ ಓಡಾಟ ಶುರುವಾಯಿತು. 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ಹತ್ತಿರದ ಸಂಬಂಧಿಕರು ಅಂದರೆ ಗಂಡ ಹೆಂಡತಿ, ಅಪ್ಪ ಅಮ್ಮ, ಮಕ್ಕಳು, ಒಡಹುಟ್ಟಿದವರು. 2011ರ ತಿದ್ದುಪಡಿಯಲ್ಲಿ ಅಜ್ಜ ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿದರು. ಭಾವ, ಮೈದುನ, ಚಿಕ್ಕಪ್ಪನ ಮಗ ಇವರು ಯಾರೂ ಆ ಲೆಕ್ಕದಲ್ಲಿ ಇಲ್ಲ. ಅವರು ಕೊಡುವುದಾದರೆ ಬೇರೆ ಸಮಿತಿಯ ಒಪ್ಪಿಗೆ ಬೇಕು. ಅಕ್ಕ ಆದರೂ ಅಕ್ಕ ಅಂತ ಸಾಬೀತು ಮಾಡಬೇಕು. ಮದುವೆಯಾದ ಮೇಲೆ ಅವಳ ಹೆಸರಿನ ಜೊತೆ ಭಾವನವರ ಹೆಸರು ಸೇರಿದೆ. ಆಧಾರ್‌ನಲ್ಲಿ ಒಂದು ಥರ, ಶಾಲೆಯ ಟಿಸಿಯಲ್ಲಿ ಇನ್ನೊಂದು ಥರ. ಕೊನೆಗೆ ಅಮ್ಮನ ಟ್ರಂಕಿನ ತಳದಲ್ಲಿ ಅಪ್ಪನ ಹಳೇ ರೇಷನ್ ಕಾರ್ಡು ಸಿಕ್ಕಿತು. ಅದರಲ್ಲಿ ನಮ್ಮಿಬ್ಬರ ಹೆಸರೂ ಒಂದರ ಕೆಳಗೆ ಒಂದು. ಗೆದ್ದಲು ತಿಂದ ಅಂಚು. ಅದರ ಫೋಟೋ ಫೋನಿನಲ್ಲಿ ಬಂದ ದಿನ ನಾನು ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ಭಾವನವರು ಬೇಡ ಅನ್ನಲಿಲ್ಲ. ಆದರೆ ಅವರಿಗೆ ಹೆದರಿಕೆ ಇತ್ತು, ಇರಬಾರದು ಅಂತ ನಾನು ಹೇಳಲಾರೆ. "ಆಮೇಲೆ ಅವಳು ಗದ್ದೆ ಕೆಲಸ ಮಾಡಬಹುದಾ?" ಅಂತ ಡಾಕ್ಟರ ಹತ್ತಿರ ಕೇಳಿದರು. ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಈಗ ಸಣ್ಣ ರಂಧ್ರ ಮಾಡಿ ದುರ್ಬೀನಿನಿಂದ ಕಿಡ್ನಿ ತೆಗೆಯುತ್ತಾರೆ. ನಾಲ್ಕೈದು ದಿನದಲ್ಲಿ ಮನೆಗೆ. ಉಳಿದ ಒಂದು ಕಿಡ್ನಿ ನಿಧಾನಕ್ಕೆ ತನ್ನ ಕೆಲಸ ಹೆಚ್ಚಿಸಿಕೊಳ್ಳುತ್ತದೆ. ಕೆಲವು ತಿಂಗಳು ಭಾರ ಎತ್ತಬಾರದು, ಆಮೇಲೆ ಮೊದಲಿನ ಹಾಗೆ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತಿರಬೇಕು.

ಅಕ್ಕ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಬಂದಳು. ಕುಚ್ಚಲಕ್ಕಿ, ಹಪ್ಪಳ, ನನಗೆ ತಿನ್ನಲು ಬಾರದ ಏನೇನೋ ಕಟ್ಟಿಕೊಂಡು. ಮೊದಲ ದಿನ ಬಿಪಿ, ಮೂತ್ರ, ಎಕ್ಸ್‌ರೇ, ಸೋನೋಗ್ರಫಿ ಎಲ್ಲ ಸರಿ. ಖಾಲಿ ಹೊಟ್ಟೆಯ ಸಕ್ಕರೆ 108. ಅದನ್ನು ನೋಡಿ ಡಾಕ್ಟರು ಮರುದಿನ ಗ್ಲುಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದರು. 214. 200 ದಾಟಿದರೆ ಸಕ್ಕರೆ ಕಾಯಿಲೆ. ಇದ್ದದ್ದು ಅವಳಿಗೇ ಗೊತ್ತಿರಲಿಲ್ಲ.

"ಇವರದ್ದು ಆಗುವುದಿಲ್ಲ" ಅಂದರು ಡಾಕ್ಟರು. ಸಕ್ಕರೆ ಕಾಯಿಲೆ ಇರುವವರಿಗೆ ಮುಂದೆ ಕಿಡ್ನಿಗೇ ಪೆಟ್ಟು ಬೀಳಬಹುದು, ಒಂದೇ ಕಿಡ್ನಿ ಇಟ್ಟುಕೊಂಡು ಆ ಅಪಾಯ ತೆಗೆದುಕೊಳ್ಳಬಾರದು. ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. "ನಾ ಗಟ್ಟಿ ಇದ್ದೆ ಅಲ್ದಾ? ಮತ್ತೊಂದ್ ಸಲ ನೋಡುಕ್ ಹೇಳ್." ನಾನು ಅವಳ ಬೆನ್ನು ಸವರುತ್ತಾ ನಿಂತಿದ್ದೆ. 2018ರಲ್ಲೇ ಕೇಳಿದ್ದರೆ? ಆಗ ಅವಳಿಗೆ ಸಕ್ಕರೆ ಇರಲಿಲ್ಲವೇನೋ. ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಒಮ್ಮೆ ಡಾಕ್ಟರ ಹತ್ತಿರವೂ ಕೇಳಿದೆ. ಅವರು, "ಆಗ ಕೊಟ್ಟಿದ್ದರೆ ಇವತ್ತು ಅವರು ಒಂದೇ ಕಿಡ್ನಿ ಇರುವ ಸಕ್ಕರೆ ರೋಗಿ ಆಗಿರುತ್ತಿದ್ದರು. ಅದನ್ನೂ ಯೋಚಿಸಿ" ಅಂದರು. ಅದು ನಿಜ. ಆದರೂ, ಕೇಳಬೇಕಾದವರನ್ನು ಬೇಗ ಕೇಳಬೇಕು. ಅವರು ಹೂಂ ಅನ್ನಲಿ, ಉಹುಂ ಅನ್ನಲಿ. ಕೇಳದೇ ಇದ್ದದ್ದು ನಾನು ಮಾಡಿದ ದೊಡ್ಡ ತಪ್ಪು.

ಅಕ್ಕ ಈಗ ಮಾತ್ರೆ ತೆಗೆದುಕೊಳ್ಳುತ್ತಾಳೆ, ಅನ್ನ ಕಮ್ಮಿ ಮಾಡಿದ್ದಾಳೆ. ರೇಷನ್ ಕಾರ್ಡಿನ ಪ್ರತಿ ಇರುವ ಆ ಫೈಲು ನಮ್ಮ ಕಪಾಟಿನಲ್ಲಿ ಹಾಗೇ ಇದೆ.

ಮಗನಿಗೆ ಆಗ ಹದಿನೆಂಟು ತುಂಬಿತ್ತು. ಅವನದೂ ಓ. ಒಂದು ರಾತ್ರಿ ಊಟ ಮಾಡುತ್ತಾ, "ಅಪ್ಪಯ್ಯ, ನನ್ನದು ಯಾಕೆ ಆಗಬಾರದು?" ಅಂದ. ಕಾನೂನಿನಲ್ಲಿ ಆಗುತ್ತದೆ. ನಾನು ಬೇಡ ಅಂದೆ. ಅವನು ಎರಡು ದಿನ ಮಾತಾಡಲಿಲ್ಲ. ಅದರ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯಲು ನನ್ನಿಂದ ಆಗುವುದಿಲ್ಲ.

ಅದಲು ಬದಲು ಕಸಿಯನ್ನೂ ವಿಚಾರಿಸಿದೆವು. ಒಂದು ಜೋಡಿಯ ದಾನಿ ಇನ್ನೊಂದು ಜೋಡಿಯ ರೋಗಿಗೆ, ಇವರದು ಅವರಿಗೆ. ಕಾಯ್ದೆಯಲ್ಲಿ ಅವಕಾಶ ಇದೆ, ಮುಂಬಯಿಯಲ್ಲಿ ನಡೆಯುತ್ತದೆ. ನಮ್ಮದು ರೋಗಿ ಓ, ದಾನಿ ಬಿ. ನಮಗೆ ಬೇಕಾದ ಜೋಡಿಯಲ್ಲಿ ರೋಗಿ ಬಿ, ದಾನಿ ಓ ಇರಬೇಕು. ಆಸ್ಪತ್ರೆಯಲ್ಲಿ ಕಸಿಯ ಕೆಲಸ ನೋಡಿಕೊಳ್ಳುವ ಕೋಆರ್ಡಿನೇಟರ್ ಮೇಡಂ ಕಾಗದದ ಮೇಲೆ ಬರೆದು ತೋರಿಸಿದರು. ಓ ದಾನಿ ಮನೆಯಲ್ಲೇ ಇದ್ದರೆ ಬಿ ರೋಗಿಗೆ ನೇರವಾಗಿಯೇ ಆಗುತ್ತದಲ್ಲ, ಅವರು ಯಾಕೆ ಬದಲಿಗೆ ಬರುತ್ತಾರೆ? ಬೇರೆ ಏನಾದರೂ ಹೊಂದಿಕೆ ಆಗದಿದ್ದರೆ ಮಾತ್ರ. ಅದಕ್ಕೇ ಓ ಗುಂಪಿನ ರೋಗಿಗಳಿಗೆ ಅದಲು ಬದಲಿನಲ್ಲೂ ಜೋಡಿ ಸಿಗುವುದು ಕಷ್ಟ. ಬೇರೆ ಗುಂಪಿನ ಕಿಡ್ನಿಯನ್ನೇ ಹಾಕುವ ವಿಧಾನವೂ ಇದೆ. ಮೊದಲು ಪ್ಲಾಸ್ಮಾ ತೊಳೆದು, ದುಬಾರಿ ಇಂಜೆಕ್ಷನ್ ಕೊಟ್ಟು ಮೈಯನ್ನು ಸಿದ್ಧ ಮಾಡಬೇಕು. ಆ ಖರ್ಚು ನಮ್ಮ ಕೈಗೆ ಎಟುಕಲಿಲ್ಲ.

ಹೋಟೆಲಿಗೆ ಬರುವ ಒಬ್ಬರು ಒಂದು ದಿನ ಗಲ್ಲಾದ ಹತ್ತಿರ ಬಗ್ಗಿ, "ದುಡ್ಡು ಕೊಟ್ಟರೆ ಸಿಗುತ್ತದೆ, ನನಗೆ ಗೊತ್ತಿರುವವರು ಇದ್ದಾರೆ" ಅಂದರು. ಬಿಲ್ಲು ಚಿಲ್ಲರೆ ಕೊಟ್ಟು ಕಳಿಸಿದೆ. ಕಿಡ್ನಿ ಮಾರುವುದು, ಕೊಳ್ಳುವುದು, ಮಧ್ಯಸ್ತಿಕೆ ಮಾಡುವುದು ಎಲ್ಲವೂ ಅಪರಾಧ. ಐದರಿಂದ ಹತ್ತು ವರ್ಷ ಜೈಲು, 20 ಲಕ್ಷದಿಂದ ಒಂದು ಕೋಟಿವರೆಗೆ ದಂಡ. ಆದರೆ ನನ್ನನ್ನು ತಡೆದದ್ದು ಜೈಲಿನ ಹೆದರಿಕೆ ಅಲ್ಲ. ಮಾರುವವನು ಯಾರಿರುತ್ತಾನೆ? ಊರು ಬಿಟ್ಟು ಬಂದು ಲೋಟ ತೊಳೆಯುವ ನನ್ನಂಥ ಒಬ್ಬ ಹುಡುಗ.

ಉಳಿದದ್ದು ಒಂದೇ ದಾರಿ. ಮಿದುಳು ಸತ್ತವರ ಮನೆಯವರು ದಾನ ಮಾಡುವ ಕಿಡ್ನಿ. ನಮ್ಮ ಡಯಾಲಿಸಿಸ್ ವಾರ್ಡಿನಲ್ಲಿ ಎಲ್ಲರೂ 'ಕೆಡಾವರ್ ಲಿಸ್ಟ್' ಅನ್ನುತ್ತೇವೆ. ನಾವಾಗಿ ಹೋಗಿ ಹೆಸರು ಬರೆಸಲು ಬರುವುದಿಲ್ಲ. ಕಸಿ ಮಾಡುವ ಆಸ್ಪತ್ರೆಯೇ ಬರೆಸಬೇಕು. ಮಹಾರಾಷ್ಟ್ರದಲ್ಲಿ ನಾಲ್ಕು ವಲಯಗಳಿವೆ. ಮುಂಬಯಿ, ಪುಣೆ, ನಾಗಪುರ, ಛತ್ರಪತಿ ಸಂಭಾಜಿನಗರ (ಹಿಂದಿನ ಔರಂಗಾಬಾದ್). ಮುಂಬಯಿ ವಲಯದ ಪಟ್ಟಿಯನ್ನು ಝಡ್‌ಟಿಸಿಸಿ ಅನ್ನುವ ಸಂಸ್ಥೆ ನೋಡಿಕೊಳ್ಳುತ್ತದೆ. ಊರಿನ ಸ್ನೇಹಿತರು "ಬೆಂಗಳೂರಲ್ಲೂ ಒಂದು ಹೆಸರು ಬರೆಸು" ಅಂದರು. ಹಾಗೆ ಎರಡು ಕಡೆ ಬರೆಸಲು ಇಲ್ಲ. 2023ರಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲಿಸಿ, ಯಾವ ರಾಜ್ಯದವರು ಯಾವ ರಾಜ್ಯದಲ್ಲಾದರೂ ಹೆಸರು ಬರೆಸಬಹುದು, 65 ದಾಟಿದವರೂ ಬರೆಸಬಹುದು, ಅದಕ್ಕೆ ಶುಲ್ಕ ತೆಗೆದುಕೊಳ್ಳಬಾರದು ಅಂತ ಹೇಳಿತು. ಆದರೆ ಒಂದು ಸಲಕ್ಕೆ ಒಂದೇ ಕಡೆ.

ಹೆಸರು ಬರೆಸುವ ಮುಂಚೆ ಮೈಯ ಮೂಲೆ ಮೂಲೆ ನೋಡುತ್ತಾರೆ. ನನಗೆ ಮೂರು ತಿಂಗಳು ಹಿಡಿಯಿತು. ಹೃದಯದ ಎಕೋ, ಆಮೇಲೆ ಆಂಜಿಯೋಗ್ರಫಿ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ. ಟಿಬಿ ಇದೆಯಾ ಅಂತ ಎದೆಯ ಸ್ಕ್ಯಾನ್. ಹೊಟ್ಟೆಯ ಕೆಳಭಾಗದ ರಕ್ತನಾಳಗಳ ಡಾಪ್ಲರ್ ಯಾಕೆ ಅಂತ ನನಗೆ ಅರ್ಥವಾಗಿರಲಿಲ್ಲ. ಹೊಸ ಕಿಡ್ನಿಯನ್ನು ಬೆನ್ನಿನ ಕಡೆ ಇಡುವುದಿಲ್ಲ, ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿಟ್ಟು ಕಾಲಿಗೆ ಹೋಗುವ ನಾಳಕ್ಕೆ ಹೊಲಿಯುತ್ತಾರೆ. ಹಳೆಯ ಎರಡು ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ. ಹಲ್ಲಿನ ಡಾಕ್ಟರು ಎರಡು ಹುಳುಕು ಹಲ್ಲು ಕಿತ್ತರು. ಕಸಿಯಾದ ಮೇಲೆ ಮೈ ಹೊಸ ಕಿಡ್ನಿಯನ್ನು ತಿರಸ್ಕರಿಸದ ಹಾಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಜೀವನಪೂರ್ತಿ ನುಂಗಬೇಕು. ಆಗ ಒಂದು ಹುಳುಕು ಹಲ್ಲೂ ದೊಡ್ಡ ಸೋಂಕಾಗಬಹುದು.

ಒಂದು ಸಲ ಹಿಮೋಗ್ಲೋಬಿನ್ 7ಕ್ಕೆ ಇಳಿದು ನಡೆಯಲು ಆಗುತ್ತಿರಲಿಲ್ಲ. ರಕ್ತ ಹಾಕಿಸಿ ಅಂತ ಹೆಂಡತಿ ಅತ್ತಳು. ಡಾಕ್ಟರು ಹಾಕಲಿಲ್ಲ, ಇಂಜೆಕ್ಷನ್ ಮತ್ತು ಕಬ್ಬಿಣಾಂಶ ಕೊಟ್ಟು ನಿಧಾನಕ್ಕೆ ಏರಿಸಿದರು. ಬೇರೆಯವರ ರಕ್ತ ಹಾಕಿದರೆ ಅದರ ವಿರುದ್ಧ ಮೈಯಲ್ಲಿ ಪ್ರತಿಕಾಯ, ಅಂದರೆ ಆಂಟಿಬಾಡಿ, ಹುಟ್ಟಬಹುದು. ನಾಳೆ ಕಿಡ್ನಿ ಸಿಕ್ಕಾಗ ಅದೇ ಪ್ರತಿಕಾಯ ಆ ಕಿಡ್ನಿಯನ್ನು ಒಪ್ಪದೆ ಹೋಗಬಹುದು. ಇದನ್ನು ಮೊದಲೇ ಯಾರೂ ನಮಗೆ ಹೇಳಿರಲಿಲ್ಲ.

ಖರ್ಚಿನ ಬಗ್ಗೆ ಒಂದು ಮಾತು. ಮಹಾರಾಷ್ಟ್ರ ಸರ್ಕಾರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಡಯಾಲಿಸಿಸ್ ಮತ್ತು ಕಿಡ್ನಿ ಕಸಿ ಎರಡೂ ಸೇರಿವೆ. ಯೋಜನೆಗೆ ಸೇರಿದ ಆಸ್ಪತ್ರೆ ಆಗಿರಬೇಕು. ನಾನು ಮೊದಲು ಚಿಕಿತ್ಸೆ ಪಡೆದ ಕಡೆ ಇದರ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಎಂಟು ತಿಂಗಳು ಕೈಯಿಂದ ಕಟ್ಟಿದೆ, ಹೆಂಡತಿಯ ಬಳೆ ಹೋಯಿತು. ಪಕ್ಕದ ಮಂಚದ ರೋಗಿ ಹೇಳಿದ ಮೇಲೆ ನಮಗೆ ಗೊತ್ತಾಯಿತು. ರೇಷನ್ ಕಾರ್ಡು ಹಿಡಿದುಕೊಂಡು ಹೋಗಿ ಕೇಳಿ. ನಾಚಿಕೆ ಬೇಡ.

ಎಲ್ಲ ಮುಗಿದು 2022ರ ಏಪ್ರಿಲ್‌ನಲ್ಲಿ ನನ್ನ ಹೆಸರು ಪಟ್ಟಿಗೆ ಸೇರಿತು. ಇದು ರೇಷನ್ ಅಂಗಡಿಯ ಸಾಲಿನ ಹಾಗೆ ಅಲ್ಲ. ಮುಂದೆ ನಿಂತವನಿಗೇ ಮೊದಲು ಅಂತ ಇಲ್ಲ. ಮೊದಲು ರಕ್ತದ ಗುಂಪು ಕೂಡಬೇಕು. ಆಮೇಲೆ ಅಂಕ. ಎಷ್ಟು ಕಾಲದಿಂದ ಡಯಾಲಿಸಿಸ್, ವಯಸ್ಸು ಎಷ್ಟು, ಫಿಸ್ಟುಲಾ ಮಾಡಲು ಜಾಗ ಉಳಿದಿದೆಯಾ, ಹೀಗೆ. ಒಬ್ಬ ದಾನಿಯ ಎರಡು ಕಿಡ್ನಿಗಳಲ್ಲಿ ಒಂದು ಆ ದಾನಿ ಇದ್ದ ಆಸ್ಪತ್ರೆಯ ರೋಗಿಗೆ, ಇನ್ನೊಂದು ನಗರದ ಪಟ್ಟಿಗೆ. ಜ್ವರ ಬಂದರೆ, ಸೋಂಕಾದರೆ ಹೆಸರನ್ನು ಸ್ವಲ್ಪ ಕಾಲ ತಡೆಹಿಡಿಯುತ್ತಾರೆ. ಅದಕ್ಕೇ ಕಾಯುವುದು ಅಂದರೆ ಸುಮ್ನೆ ಕೂರುವುದಲ್ಲ. ಹಲ್ಲು, ಉಗುರು, ತೂಕ, ನೀರು, ಎಲ್ಲವನ್ನೂ ದಿನಾ ನೋಡಿಕೊಳ್ಳಬೇಕು. ಯಾವತ್ತು ಕರೆ ಬಂದರೂ ಮೈ ಅದಕ್ಕೆ ಸಿದ್ಧ ಇರಬೇಕು.

ಹೆಂಡತಿ ಸಂಜೆ ದೀಪ ಹಚ್ಚಿ ಕೈ ಮುಗಿಯುತ್ತಾಳೆ. ಒಂದು ದಿನ ಕೈ ಮುಗಿದವಳು ಹಾಗೇ ತಿರುಗಿ, "ರೀ, ಏನಂತ ಬೇಡಲಿ? ಬೇಗ ಸಿಗಲಿ ಅಂದರೆ ಯಾರದೋ ಮನೆ ಹಾಳಾಗಲಿ ಅಂದ ಹಾಗಲ್ವಾ?" ಅಂದಳು. ನನಗೆ ಉತ್ತರ ಬರಲಿಲ್ಲ. ಮುಂದಿನ ಸಲ ಹೋದಾಗ ಆಸ್ಪತ್ರೆಯ ಸಮಾಜ ಸೇವಕಿಯ ಹತ್ತಿರ ಹೇಳಿದೆ. ಅವರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಅದು ಹೇಗೆ ನಡೆಯುತ್ತದೆ ಅಂತ ಬಿಡಿಸಿ ಹೇಳಿದರು. ಮಿದುಳು ಸತ್ತಿದೆ ಅಂತ ನಾಲ್ಕು ಡಾಕ್ಟರು ಸೇರಿ ಹೇಳಬೇಕು. ಕಸಿ ಮಾಡುವ ಡಾಕ್ಟರು ಅದರಲ್ಲಿ ಇರುವಂತಿಲ್ಲ. ಒಮ್ಮೆ ನೋಡಿ, ಕಮ್ಮಿ ಅಂದರೂ ಆರು ಗಂಟೆ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಕೋಮಾ ಬೇರೆ, ಇದು ಬೇರೆ. ಇದರಿಂದ ಯಾರೂ ವಾಪಸ್ ಬರುವುದಿಲ್ಲ. ಅಷ್ಟಾದ ಮೇಲೆ ಮನೆಯವರನ್ನು ಕೇಳುತ್ತಾರೆ. "ಬಹಳ ಮನೆಯವರು ಬೇಡ ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಸಾವು ಹೇಗೂ ಆಗಿ ಹೋಗಿರುತ್ತದೆ ಅಮ್ಮಾ. ಆ ಮನೆಯವರ ಬಾಯಿಂದ ಹೂಂ ಬರಲಿ ಅಂತ ಬೇಡಿಕೊಳ್ಳಿ." ಅಂದಿನಿಂದ ಹೆಂಡತಿ ಹಾಗೇ ಬೇಡುತ್ತಾಳೆ.

2024ರ ಮಳೆಗಾಲ. ಒಂದು ಬುಧವಾರ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಫೋನು ಬಂತು. ಕೋಆರ್ಡಿನೇಟರ್ ಮೇಡಂ. "ಜ್ವರ ಇದೆಯಾ? ಕೆಮ್ಮು? ಕೊನೆಯ ಡಯಾಲಿಸಿಸ್ ಯಾವಾಗ ಆಯಿತು? ಊಟ ಎಷ್ಟು ಹೊತ್ತಿಗೆ? ಎಷ್ಟು ಹೊತ್ತಲ್ಲಿ ಬರುತ್ತೀರಿ?" ಒಂದೊಂದಕ್ಕೂ ಉತ್ತರ ಹೇಳಿದೆ. ಕೊನೆಗೆ ಅವರು, "ನೀವು ಎರಡನೆಯವರು. ಮೊದಲನೆಯವರಿಗೆ ಆಗದಿದ್ದರೆ ನಿಮಗೆ. ಇನ್ನು ನೀರೂ ಕುಡಿಯಬೇಡಿ" ಅಂದರು.

ಚೀಲ ಎರಡು ವರ್ಷದಿಂದ ಬಾಗಿಲ ಹಿಂದೆ ಸಿದ್ಧ ಇತ್ತು. ಫೈಲು, ಎರಡು ಲುಂಗಿ, ಟವೆಲ್, ಚಾರ್ಜರ್. ಮಗ ಟ್ಯಾಕ್ಸಿ ಹಿಡಿದ. ಶಿಳ್‌ಫಾಟಾ ದಾಟಿ, ಐರೋಲಿ ಸೇತುವೆ ಮೇಲಿಂದ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ. ಮಳೆಗೆ ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣಿಸುತ್ತಿರಲಿಲ್ಲ. ಮೂವರೂ ಮಾತಾಡಲಿಲ್ಲ. ಹೆಂಡತಿ ನನ್ನ ಎಡಗೈ ಹಿಡಿದು ಮಿಡಿತದ ಮೇಲೆ ಬೆರಳು ಇಟ್ಟುಕೊಂಡಿದ್ದಳು.

ಒಂದೂವರೆಗೆ ರಕ್ತ ತೆಗೆದರು. ಕ್ರಾಸ್‌ಮ್ಯಾಚ್ ಮಾಡಬೇಕು. ದಾನಿಯ ಜೀವಕೋಶಗಳನ್ನು ನಮ್ಮ ರಕ್ತದ ಸೀರಮ್ ಜೊತೆ ಬೆರೆಸಿ ನೋಡುತ್ತಾರೆ. ನಮ್ಮ ಪ್ರತಿಕಾಯಗಳು ಆ ಕೋಶಗಳನ್ನು ಕೊಂದರೆ ಪಾಸಿಟಿವ್, ಆ ಕಿಡ್ನಿ ನಮಗಲ್ಲ. ನೆಗೆಟಿವ್ ಬರಬೇಕು. ಐದಾರು ಗಂಟೆ ಹಿಡಿಯುತ್ತದೆ. ಎದುರಿನ ಬೆಂಚಿನಲ್ಲಿ ಒಬ್ಬ ಹುಡುಗ, ಇಪ್ಪತ್ತೈದು ಇರಬಹುದು, ತಾಯಿಯ ಹೆಗಲಿಗೆ ಒರಗಿ ಕೂತಿದ್ದ. ಅವನ ತೋಳಿನ ಫಿಸ್ಟುಲಾ ಹಗ್ಗದ ಗಂಟಿನ ಹಾಗೆ ಉಬ್ಬಿತ್ತು. ನೋಡಿದ ಕೂಡಲೇ ತಿಳಿಯಿತು, ನನಗಿಂತ ಎಷ್ಟೋ ಹಳಬ. ತಾಯಿ ಮರಾಠಿಯಲ್ಲಿ ಹೇಳಿದರು. ಹದಿನೇಳನೇ ವಯಸ್ಸಿನಿಂದ ಡಯಾಲಿಸಿಸ್. ಎಂಟು ವರ್ಷ. ಮುಂಚೆ ಎರಡು ಸಲ ಕರೆ ಬಂದು ವಾಪಸ್ ಹೋಗಿದ್ದರು.

ನನಗೆ ಸಿಗಲಿ ಅಂತ ಮನಸ್ಸಿನಲ್ಲಿ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಇತ್ತು. ಅವನ ಮುಖ ನೋಡಿದಾಗ, ಅವನಿಗೆ ಆಗಲಿ ಅಂತಲೂ ಅನಿಸುತ್ತಿತ್ತು. ಎರಡೂ ಒಟ್ಟಿಗೇ ಇದ್ದವು. ಇದೇ ಹೊತ್ತಿನಲ್ಲಿ ಎಲ್ಲೋ ಒಂದು ಕೋಣೆಯಲ್ಲಿ ಇನ್ನೊಂದು ಮನೆಯವರು ಕೂತಿದ್ದಾರೆ ಅಂತ ನೆನಪಾದಾಗ ಎರಡೂ ಹೋಗಿ ಬರೀ ಎದೆ ಭಾರವಾಗುತ್ತಿತ್ತು. ಅವರು ಯಾರು ಅಂತ ಹೇಳುವುದಿಲ್ಲ, ಕೇಳಲೂಬಾರದು. ಅವರು ಹೂಂ ಅಂದಿದ್ದಾರೆ. ನನಗೆ ಗೊತ್ತಿರುವುದು ಅಷ್ಟೇ.

ಬೆಳಿಗ್ಗೆ ಏಳಕ್ಕೆ ಡಾಕ್ಟರು ಬಂದರು. ನನ್ನ ಕ್ರಾಸ್‌ಮ್ಯಾಚ್ ನೆಗೆಟಿವ್. ಅವನದೂ ನೆಗೆಟಿವ್. ಅವನು ಮೊದಲನೆಯವನು. ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತರು. ಹುಡುಗ ಎದ್ದು ಹೋಗುವಾಗ ನನ್ನ ಕಡೆ ನೋಡಿದ, ಏನು ಹೇಳಬೇಕು ಅಂತ ಅವನಿಗೂ ತಿಳಿಯಲಿಲ್ಲ. ನಾನು ಕೈ ಎತ್ತಿ, ಹೋಗಪ್ಪ ಅಂತ ಸನ್ನೆ ಮಾಡಿದೆ.

ಅವತ್ತು ಗುರುವಾರ. ಡೊಂಬಿವಲಿಗೆ ವಾಪಸ್ ಬಂದು ನೇರ ಡಯಾಲಿಸಿಸ್‌ಗೆ ಹೋದೆ. ಏಳರ ಪಾಳಿ ತಪ್ಪಿತ್ತು, ಟೆಕ್ನಿಷಿಯನ್ ಹುಡುಗ ಹನ್ನೆರಡರ ಪಾಳಿಗೆ ಹೊಂದಿಸಿ ಕೊಟ್ಟ. ಸೂಜಿ ಹಾಕುವಾಗ ಏನೂ ಕೇಳಲಿಲ್ಲ. ಅಕ್ಕನಿಗೆ ಹೆಂಡತಿಯೇ ಫೋನ್ ಮಾಡಿದಳು.

2025ರ ಫೆಬ್ರವರಿಯಲ್ಲಿ ಎಕೋ ಮತ್ತೆ ಮಾಡಿಸಲು ಹೋಗಿದ್ದೆ. ಪಟ್ಟಿಯಲ್ಲಿರುವವರಿಗೆ ಕೆಲವು ಪರೀಕ್ಷೆಗಳನ್ನು ಆಗಾಗ ಹೊಸದಾಗಿ ಮಾಡಿಸುತ್ತಾರೆ. ಕಾರಿಡಾರಿನಲ್ಲಿ ಮಾಸ್ಕ್ ಹಾಕಿದ ಒಬ್ಬ ಹುಡುಗ ಎದ್ದು ನಿಂತ. ಮೊದಲು ಗುರುತು ಸಿಗಲಿಲ್ಲ, ಕೆನ್ನೆ ತುಂಬಿಕೊಂಡಿತ್ತು. ಪಕ್ಕದಲ್ಲಿದ್ದ ತಾಯಿಯನ್ನು ನೋಡಿದ ಮೇಲೆ ತಿಳಿಯಿತು. ಕ್ರಿಯಾಟಿನಿನ್ 1.1 ಅಂತೆ. ದಿನಕ್ಕೆ ಮೂರು ಲೀಟರ್ ನೀರು ಕುಡಿಯಲೇಬೇಕು ಅಂದಿದ್ದಾರಂತೆ.

"ಅಂಕಲ್, ನಿಮ್ಮದು?"

"ಇನ್ನೂ ಇಲ್ಲ."

ತಾಯಿ ನನ್ನ ಕೈ ಹಿಡಿದುಕೊಂಡರು. ಅವನಿಗೆ ಮಾತ್ರೆಯ ಹೊತ್ತಾಗಿತ್ತು. ಚೀಲದಿಂದ ಒಂದು ಲೀಟರಿನ ಬಾಟಲಿ ತೆಗೆದ, ಮಾಸ್ಕ್ ಕೆಳಗೆ ಎಳೆದ, ಮಾತ್ರೆ ಬಾಯಿಗೆ ಹಾಕಿ ತಲೆ ಮೇಲಕ್ಕೆತ್ತಿ ಕುಡಿದ. ಬಾಟಲಿ ಅರ್ಧವಾಗುವವರೆಗೂ ಕೆಳಗಿಳಿಸಲಿಲ್ಲ. ನಾನು ನೋಡುತ್ತಾ ನಿಂತೆ. ಎಕೋ ಕೋಣೆಯಿಂದ ನನ್ನ ಹೆಸರು ಕೂಗಿದರು.